ಕೆಂಪು ಕ್ಯಾಂಡಲ್, ಹಸಿರು ಕ್ಯಾಂಡಲ್

ಬೆಳಿಗ್ಗೆ ಒಂಬತ್ತೂಕಾಲಾಯಿತೆಂದರೆ ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯ ಚಹಾದಂಗಡಿಯಲ್ಲಿ ರಾಜಕಾರಣದ ಮಾತು ನಿಲ್ಲುತ್ತದೆ. ಶೇರು ಪೇಟೆ ತೆರೆಯುವ ಹೊತ್ತು ಅದು. ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೊರಟ ಹುಡುಗರು ಬೈಕಿನ ಮೇಲೆ ಕೂತೇ ಮೊಬೈಲ್ ತೆಗೆಯುತ್ತಾರೆ. ನನ್ನ ಅಣ್ಣನ ಮಗನೂ ಆ ಪೈಕಿಯವನೇ. “ಕಾಕಾ, ಹ್ಯಾಮರ್ ಬಿದ್ದೈತಿ, ಇನ್ನ ಏರತೈತಿ ನೋಡ್ರಿ” ಎನ್ನುತ್ತಾನೆ. ಯಾರ ತಲಿ ಮ್ಯಾಲ ಬಿತ್ತಪ್ಪಾ ಎಂದು ನಾನು ಕೇಳುತ್ತೇನೆ.

ಹಾಗೆ ಕೇಳುವುದು ಬರೀ ಚೇಷ್ಟೆಗೆ. ಅವನ ಮೊಬೈಲಿನಲ್ಲಿ ದರದ ಏರಿಳಿತ ತೋರಿಸುವ ಆ ಕ್ಯಾಂಡಲ್ ಕಡ್ಡಿಗಳ ಲೆಕ್ಕ ನನಗೆ ಹೊಸದಲ್ಲ. ಅಪ್ಪ ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ದಿವಾನಜಿ. ಸಂಜೆ ಮನೆಗೆ ಬಂದು ಅಂದಿನ ಧಾರಣಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವರ ರೂಢಿ: ಸವಾಲು ಎಷ್ಟರಿಂದ ಶುರುವಾಯಿತು, ಎಲ್ಲಿಯವರೆಗೆ ಏರಿತು, ಎಲ್ಲಿಗೆ ಇಳಿಯಿತು, ಕಡೆಗೆ ಎಷ್ಟಕ್ಕೆ ಮುಗಿಯಿತು. ಕ್ಯಾಂಡಲ್ ಅಂದರೂ ಈ ನಾಲ್ಕೇ ಅಂಕಿ. ಶುರುವಿನ ದರದಿಂದ ಕೊನೆಯ ದರದವರೆಗೆ ದಪ್ಪ ಮೈ. ಅದರಾಚೆ ಮೇಲಕ್ಕೂ ಕೆಳಕ್ಕೂ ಚಾಚಿದ ಸಣ್ಣ ಗೆರೆ ದಿನದ ಗರಿಷ್ಠ, ಕನಿಷ್ಠ. ಏರಿ ಮುಗಿದರೆ ಹಸಿರು, ಇಳಿದು ಮುಗಿದರೆ ಕೆಂಪು. ಹುಡುಗ ಹೇಳುವ ಹ್ಯಾಮರಿಗೆ ಪುಟ್ಟ ಮೈ, ಕೆಳಗೆ ಉದ್ದ ಬಾಲ. ಮಾರುವವರು ದರವನ್ನು ಪಾತಾಳಕ್ಕೆ ತಳ್ಳಿದ್ದರು, ಕೊಳ್ಳುವವರು ದಿನ ಮುಗಿಯುವುದರೊಳಗೆ ಮೇಲೆಳೆದರು ಎಂದರ್ಥ.

ಕ್ಯಾಂಡಲ್ ಹುಟ್ಟಿದ್ದೂ ಶೇರಿನಲ್ಲಲ್ಲ, ಅಕ್ಕಿಯಲ್ಲಿ. ಒಸಾಕಾದ ದೋಜಿಮಾ ಪೇಟೆಯಲ್ಲಿ ನಡೆಯುತ್ತಿದ್ದ ಅಕ್ಕಿಯ ವಾಯಿದೆ ವ್ಯಾಪಾರಕ್ಕೆ 1730ರಲ್ಲಿ ಜಪಾನಿನ ಶೋಗನ್ ಸರಕಾರ ಒಪ್ಪಿಗೆ ಕೊಟ್ಟಿತು. ಸಕಾತಾ ಊರಿನ ಹೊಮ್ಮಾ ಮುನೆಹಿಸಾ ಎಂಬ ವರ್ತಕ ಅಕ್ಕಿಯಲ್ಲಿ ಅಪಾರ ದುಡ್ಡು ಮಾಡಿದ. ಕ್ಯಾಂಡಲ್ ಕಂಡುಹಿಡಿದವನೂ ಅವನೇ ಎಂಬ ಕತೆಯಿದೆ. ಇಲ್ಲ, ಈಗಿನ ರೂಪ ಬಂದದ್ದು ಅವನು ಸತ್ತು ಎಷ್ಟೋ ವರ್ಷದ ಮೇಲೆ, ಮೇಜಿ ಕಾಲದಲ್ಲಿ ಎನ್ನುವವರೂ ಇದ್ದಾರೆ. ನನಗೆ ಈ ಎರಡನೆಯ ಮಾತೇ ಹಿಡಿಸುತ್ತದೆ. ದಿವಾನಜಿಗಳು ಬರೆದದ್ದಕ್ಕೆ ಸಾಹುಕಾರರ ಹೆಸರು ಬೀಳುವುದನ್ನು ಹುಬ್ಬಳ್ಳಿಯವರು ಯಾರೂ ವಿಚಿತ್ರವೆನ್ನಲಾರರು. 1991ರಲ್ಲಿ ಸ್ಟೀವ್ ನಿಸನ್ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೇಲೆ ಕ್ಯಾಂಡಲ್ ಜಗತ್ತಿಗೆಲ್ಲ ಹಬ್ಬಿತು.

ಕ್ಯಾಂಡಲ್ ಸಾಲದೆಂದು ಹುಡುಗ ಅದರ ಮೇಲೆ 200 ದಿನಗಳ ಸರಾಸರಿಯ ಗೆರೆ ಎಳೆದಿದ್ದಾನೆ. ಕೆಳಗೆ ಆರ್‌ಎಸ್‌ಐ, ವೆಲ್ಸ್ ವೈಲ್ಡರ್ ಎಂಬ ಮೆಕ್ಯಾನಿಕಲ್ ಇಂಜಿನಿಯರ್ 1978ರಲ್ಲಿ ಕೊಟ್ಟದ್ದು. 14 ದಿನಗಳ ಏರಿಳಿತವನ್ನು ಸೊನ್ನೆಯಿಂದ ನೂರರೊಳಗೆ ತೂಗುತ್ತದೆ; 70 ದಾಟಿದರೆ ಕೊಳ್ಳುವ ಭರ ಅತಿಯಾಯಿತು, 30ಕ್ಕಿಂತ ಇಳಿದರೆ ಮಾರುವ ಭರ. ಆದರೆ ಜೋರಾಗಿ ಏರುವ ಶೇರು 70ರ ಮೇಲೆ ವಾರಗಟ್ಟಲೆ ಆರಾಮಾಗಿ ಕೂತಿರುತ್ತದೆ. ಅಲ್ಲಿ ಮಾರಿದವರು ಹಲ್ಲು ಕಡಿಯುತ್ತಾರೆ.

ಗೋಕುಲ ರಸ್ತೆಯಲ್ಲಿ ಕೂತು ನೋಡಬೇಕಾದದ್ದು ಇನ್ಫೋಸಿಸ್ ಚಾರ್ಟು. ವಿಮಾನ ನಿಲ್ದಾಣದ ಬಗಲಿಗೇ ಅದರ ಕ್ಯಾಂಪಸ್. 2022ರಲ್ಲಿ ಅಲ್ಲಿ ಕೆಲಸ ಶುರುವಾಯಿತು. 1993ರಲ್ಲಿ ಕಂಪನಿ ಶೇರು ಮಾರಿದ್ದು 95 ರೂಪಾಯಿಗೆ. ಆ 95ನ್ನು ಹುಡುಗ ಚಾರ್ಟಿನಲ್ಲಿ ಹುಡುಕೇ ಹುಡುಕಿದ, ಸಿಗಲಿಲ್ಲ. ಒಂದಕ್ಕೊಂದು ಬೋನಸ್ ಕೊಟ್ಟಾಗಲೆಲ್ಲ ಹಿಂದಿನ ದರಗಳನ್ನು ಅರ್ಧಕ್ಕೆ ಇಳಿಸಿ ತೋರಿಸುತ್ತಾರೆ. 2014, 2015, 2018ರಲ್ಲಿ ಕೊಟ್ಟದ್ದಕ್ಕೇ ಹಳೆಯ ದರ ಎಂಟನೆಯ ಒಂದು ಪಾಲಿಗೆ ಬಂತು. ಸಿಕ್ಕಿದ್ದು 2013ರ ಏಪ್ರಿಲ್ 12. ವರ್ಷದ ಗಳಿಕೆಯ ಅಂದಾಜನ್ನು ಕಂಪನಿ ಕಡಿಮೆ ಹೇಳಿತು, ಒಂದೇ ದಿನದಲ್ಲಿ ಶೇರು ನೂರಕ್ಕೆ 21ರಷ್ಟು ಕುಸಿಯಿತು. ಹಿಂದಿನ ದಿನದ ಕ್ಯಾಂಡಲ್ಲಿಗೂ ಅಂದಿನದಕ್ಕೂ ನಡುವೆ ದೊಡ್ಡ ಖಾಲಿ ಜಾಗ. ಮರುದಿನ ಆಡಳಿತ ಮಂಡಳಿ ಏನು ಹೇಳೀತೆಂದು ಗೆರೆಗೆ ಹೇಗೆ ಗೊತ್ತಾಗಬೇಕು?

2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದು ಶೇರು ಪೇಟೆಯ ನಿಯಂತ್ರಕ ಸೆಬಿ ಹೇಳಿದೆ. ಹುಡುಗನಿಗೆ ಓದಿ ತೋರಿಸಿದೆ. “ಅವರಿಗೆ ಚಾರ್ಟ್ ನೋಡಾಕ ಬರಂಗಿಲ್ರಿ ಕಾಕಾ” ಎಂದ.

ಅಪ್ಪನ ನೋಟ್‌ಬುಕ್ಕಿನಲ್ಲಿ ಐದನೆಯ ಅಂಕಣವೊಂದಿತ್ತು, ಆವಕ. ಅಂದು ಎಷ್ಟು ಮಾಲು ಬಂತು ಎಂಬುದು ತಿಳಿಯದೆ ದರದ ಮಾತೇ ಆಡಬಾರದು ಎನ್ನುತ್ತಿದ್ದರು. ನಾಲ್ಕು ಚೀಲಕ್ಕೆ ಏರಿದ ದರ ಬೇರೆ, ಪೇಟೆ ತುಂಬಿದಾಗ ಏರಿದ ದರ ಬೇರೆ. ಚಾರ್ಟಿನ ಬುಡದಲ್ಲಿ ವಾಲ್ಯೂಮ್ ಎಂದು ನಿಲ್ಲುವ ಕಂಬಗಳು ಅಂದು ಎಷ್ಟು ಶೇರು ಕೈ ಬದಲಾದವೆಂದು ಹೇಳುತ್ತವೆ; ಎಲ್ಲ ಸಾಧನಗಳಲ್ಲಿ ನಾನು ನಂಬುವುದು ಅವನ್ನೇ. ನಿನ್ನ ಹ್ಯಾಮರಿನ ದಿನ ವಾಲ್ಯೂಮ್ ಎಷ್ಟಿತ್ತೋ ಎಂದು ಕೇಳಿದೆ.

“ಅದನ್ನ ಬಂದ್ ಮಾಡೀನ್ರಿ ಕಾಕಾ,” ಎಂದ, “ಸ್ಕ್ರೀನಿನ್ಯಾಗ ಜಾಗಾ ಸಾಲವಲ್ದು.”