ಗಾಳಿ ನುಸುಳಿದ ದಾರಿ

ಸಂತೆಬಾಚಹಳ್ಳಿಯ ನಮ್ಮ ಮನೆಯ ಹಳೆಯ ಡೀಸೆಲ್ ಪಿಕಪ್ ಕಳೆದ ಡಿಸೆಂಬರಿನ ಚಳಿಯಲ್ಲಿ ಬೆಳಗಿನ ಹೊತ್ತು ಸ್ಟಾರ್ಟ್ ಆಗುತ್ತಿರಲಿಲ್ಲ. ಕೃಷ್ಣರಾಜಪೇಟೆಯ ಮಾರುಕಟ್ಟೆಗೆ ತರಕಾರಿ ಒಯ್ಯುವ ವೇಳೆ ಮೀರುತ್ತಿತ್ತು. ರಾತ್ರಿ ದೀಪ ಆರಿಸದೆ ಬ್ಯಾಟರಿ ಬರಿದು ಮಾಡಿದನೆಂದು ಮಗನನ್ನು ನೆರೆಯವರೆದುರೇ ಗದರಿದೆ.

"ಇಂಜಿನ್ ಜೋರಾಗೇ ತಿರುಗ್ತದಲ್ಲಪ್ಪ, ಬ್ಯಾಟರಿ ಹೆಂಗೆ ಕೆಟ್ಟಿರ್ತದೆ?" ಎಂದ. ನಾನು ಕಿವಿಗೊಡಲಿಲ್ಲ.

1897ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಬಗೆಯ ಯಂತ್ರಕ್ಕೆ ಕಿಡಿ ಬೇಡ. ಒತ್ತಡದಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ಅದೇ ಗಾಳಿ ಡೀಸೆಲ್ ಪೈಪಿಗೆ ನುಸುಳಿದರೆ ಮಾತ್ರ ಯಂತ್ರ ಹೊತ್ತಿಕೊಳ್ಳದು. ಮೆಕ್ಯಾನಿಕ್‌ಗಳು ಅದನ್ನು ಏರ್‌ಲಾಕ್ ಎನ್ನುತ್ತಾರೆ.

ಕೊನೆಗೆ ಮಗನೇ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಡೀಸೆಲಿನೊಡನೆ ಗುಳ್ಳೆಗಳು ಹೊರಬಂದವು. ಗುಳ್ಳೆ ನಿಂತ ಮೇಲೆ ಸ್ಕ್ರೂ ಬಿಗಿದು ಕೀಲಿ ತಿರುಗಿಸಿದ. ಗಾಡಿ ಒಮ್ಮೆಗೇ ಸ್ಟಾರ್ಟ್ ಆಯಿತು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬಿರಿದಿತ್ತು. ಹೊರಗೆ ಒಂದು ಹನಿಯೂ ಸೋರದೆ, ಅದು ಗಾಳಿ ಎಳೆದುಕೊಳ್ಳುತ್ತಿತ್ತು. ಇರುಳಿನಲ್ಲಿ ಡೀಸೆಲ್ ಟ್ಯಾಂಕಿಗೆ ಮರಳುತ್ತಿತ್ತು.

ಬಿರುಕು ಕಣ್ಣಿಗೆ ಬೀಳದಿದ್ದಾಗ ನಾವು ಹತ್ತಿರದವರನ್ನೇ ದೂರುತ್ತೇವೆ. ಪೈಪು ಬದಲಿಸಲು ಅರ್ಧ ಗಂಟೆ ಸಾಕಾಯಿತು. ಅದೇ ನೆರೆಯವರೆದುರು, "ತಪ್ಪು ನನ್ನದು ಕಣಪ್ಪ" ಎನ್ನಲು ನನಗೆ ಎರಡು ದಿನ ಹಿಡಿಯಿತು.