ಬರತೀನಿ ಅಂದವರು, ಬಂದವರು

ತೊಗರಿ ಕೊಯ್ಲು ಹತ್ತರ ಬಂತು, ಆಳಿನ ಮಾತು ಆಡಬೇಕು. ಅದಕ್ಕಿಂತ ಮೊದಲು ಒಂದು ಕಥಿ. ಕ್ರೈಸ್ತರ ಬೈಬಲ್ಲಿನಾಗ ಮತ್ತಾಯನ ಪುಸ್ತಕದ 21ನೇ ಅಧ್ಯಾಯದಾಗ ಅದ. ದ್ರಾಕ್ಷಿ ಪಡದ ಕಥಿ, ಹಿಂಗಾಗಿ ನಮ್ಮ ಜಿಲ್ಲಾದವರಿಗೆ ಲಗೂನ ತಿಳೀತದ.

ಒಬ್ಬ ಅಪ್ಪಗ ಇಬ್ಬರು ಗಂಡುಮಕ್ಕಳು. ಒಬ್ಬಗ ಪಡಕ್ಕ ಹೋಗಿ ಕೆಲಸ ಮಾಡಪಾ ಅಂದ. ಮಗ ಒಲ್ಲೆ ಅಂದ, ಆಮ್ಯಾಲ ಮನಸ್ಸು ತಡೀಲಾರದ ಹೋಗಿ ದುಡದ. ಇನ್ನೊಬ್ಬ ಹೂಂ ಯಪ್ಪಾ ಹೊಂಟೆ ಅಂದ, ಹೋಗಲೇ ಇಲ್ಲ. ಅಪ್ಪನ ಮಾತು ನಡಿಸಿದವ ಯಾರು ಅಂತ ಯೇಸು ಕೇಳತಾನ. ಕೇಳಿದ್ದು ಗುಡಿಯ ದೊಡ್ಡ ಪೂಜಾರಿಗಳಿಗೆ, ಹಿರೇರಿಗೆ. ಸುಂಕದವರು, ಮಂದಿ ಮೂಗು ಮುರಿಯೋ ಹೆಂಗಸರು ನಿಮಗಿಂತ ಮೊದಲು ದೇವರ ಹತ್ತರ ಹೋಗತಾರ ಅಂತ ಅವರ ಮುಖಕ್ಕೇ ಹೇಳಿದ.

ನನಗ ಹಿಡಿಸಿದ್ದೇನಂದ್ರ, ಇಬ್ಬರೊಳಗ ಯಾರೂ ಪೂರಾ ಚೊಲೋ ಮಗ ಅಲ್ಲ. ಮೊದಲನೆಯವ ಅಪ್ಪಗ ಎದುರು ಮಾತಾಡ್ಯಾನ. ಆದ್ರ ಸಂಜಿಗಿ ಹೋಗಿ ನೋಡಿದ್ರ ಚಾಟ್ನಿ ಆದ ಸಾಲು ಅವನು ಮಾಡಿದ್ದೇ.

ಇದು ಬರೇ ಪುಸ್ತಕದ ಮಾತಲ್ಲ, ನಮ್ಮ ಉತ್ತರ ಕರ್ನಾಟಕದಾಗೂ ಇಂಥಾದ್ದೊಂದು ನಡದದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಾಗ ಮಂಗಳೂರಿಗೆ, 1837ರಾಗ ಧಾರವಾಡಕ್ಕ ಬಂದರು. ಕನ್ನಡದ ದೊಡ್ಡ ನಿಘಂಟು ಮಾಡಿದ ಕಿಟೆಲ್ ಸಾಹೇಬರು ಮುಂದ ಬಂದದ್ದು ಇದೇ ಮಿಷನ್ನಿನಿಂದ. ಧಾರವಾಡ ಸೀಮಿಯೊಳಗ ಕಾಲಜ್ಞಾನ ನಂಬೋ ಒಂದು ಪಂಗಡದ ಮಂದಿ ಈ ಪಾದ್ರಿಗಳ ಕಡಿ ಬಂದು, ನಾವು ನಿಮ್ಮ ಧರ್ಮಕ್ಕ ಸೇರತೀವಿ ಅಂದರು. ಪಾದ್ರಿಗಳು ಹಿಗ್ಗಿದರು. 1841ರ ಸುಮಾರಿಗೆ ಗದಗ-ಬೆಟಗೇರಿ ಹತ್ತರ ಮಲ್ಲಸಮುದ್ರದಾಗ ಜಮೀನು ಹಿಡದು, ಅವರ ಸಲುವಾಗಿ ಒಕ್ಕಲುತನದ ಒಂದು ವಸತಿ ಸುರು ಮಾಡಿದರು. ಸೇರತೀವಿ ಅಂದವರು ನಂಬಿಸಿದಂಗ ಬರಲಿಲ್ಲ. ಇವರಿಗೆ ಬೇಕಾಗಿದ್ದು ದೇವರಲ್ಲ, ಬರೇ ಲಾಭ ಅಂತ ಪಾದ್ರಿಗಳು ನೊಂದರು.

ಅವರನ್ನ ಡಾಂಭಿಕರು ಅಂತ ಒಂದೇ ಮಾತಿಗೆ ತಳ್ಳಿಹಾಕಾಕ ನನಗ ಮನಸ್ಸಿಲ್ಲ. ಹೊಲ ಮತ್ತ ನಂಬಿಗಿ ಎರಡನ್ನೂ ಒಂದೇ ನೊಗಕ್ಕ ಹೂಡಿದ ಮ್ಯಾಲ, ಯಾವುದು ಜಗ್ಗತದ, ಯಾವುದು ಸುಮ್ನ ಹಿಂದ ಬರತದ ಅಂತ ಹೆಂಗ ಗೊತ್ತಾಗಬೇಕು? ಭೂಮಿ ಇಲ್ಲದವ ಭೂಮಿ ಕೊಡೋರ ಮುಂದ ಹೂಂ ಅಂತಾನ. ಸಬ್ಸಿಡಿ ಫಾರ್ಮ್ ತುಂಬೋ ದಿನ ನಾವೆಲ್ಲಾ ಸಾವಯವ ರೈತರೇ ಅಲ್ಲೇನು? ಹೂಂ ಅನ್ನೋದರಿಂದ ಏನೂ ಸಿಗದಿದ್ದಾಗ, ಕೈಲಿಂದ ಹೋಗೋ ಹೊತ್ತಿನಾಗ ಮಾಡಿದ್ದೇ ಲೆಕ್ಕ ಅಂತ ನನ್ನ ವಿಚಾರ.

ನಮ್ಮ ಬಾಜೂ ಹೊಲದವರು ಕ್ರೈಸ್ತರು. ಹೆಸರು ಹಾಕಂಗಿಲ್ಲ, ಅವರಿಗೆ ಸೇರಂಗಿಲ್ಲ. ಮುಯ್ಯಾಳಿಗೆ ಕರದ್ರ "ಐತಾರ ಬರಂಗಿಲ್ರಿ ಕಾಕಾ" ಅಂತ ಮೊದಲೇ ಅಂದುಬಿಡತಾರ. ಮಂದಿ ನಗತಿದ್ರು, ಐತಾರ ಸೂಟಿ ಇವರಿಗೇನು ನೌಕರಿ ಅದ ಅಂತ. ಒಂದು ವರ್ಷ ಅವರ ತೊಗರಿ ಕೊಯ್ದು ಹೊಲದಾಗ ಬಿದ್ದಿತ್ತು. ಶನಿವಾರ ಸಂಜಿಗಿ ಮೋಡ ಆತು. ಮುಂಜಾನೆ ನಾವೆಲ್ಲಾ ಬಂದು ಬಣವಿ ಒಟ್ಟತೀವಿ ಅಂದ್ವಿ. ಬ್ಯಾಡ್ರಿ ಅಂದ್ರು. ಗಂಡ ಹೆಂಡತಿ ಇಬ್ಬರೂ ಬ್ಯಾಟರಿ ಬೆಳಕಿನಾಗ ನಡುರಾತ್ರಿತನಕ ಆದಷ್ಟು ಒಟ್ಟಿದ್ರು. ಐತಾರ ಅವರು ಪ್ರಾರ್ಥನಾಕ್ಕ ಹೋದಾಗ ಮಳಿ ಬಂತು. ಉಳಿದ ಕಾಳು ಕಪ್ಪಾತು, ಪ್ಯಾಟ್ಯಾಗ ದರ ಮುರೀತು.

ನನಗ ಅವರ ಐತಾರ ಇವತ್ತಿಗೂ ಒಪ್ಪಿಗಿ ಇಲ್ಲ. ಬೆಳಿ ಕೆಡಿಸಿಕೊಂಡು ಎಂಥಾ ಭಕ್ತಿ? ಸಬ್ಬತ್ ದಿನಾನೂ ಬಾವ್ಯಾಗ ಬಿದ್ದ ಎತ್ತು ಮ್ಯಾಲ ತಗೀತೀರಿ ಅಂತ ನಿಮ್ಮ ಯೇಸುನೇ ಹೇಳ್ಯಾನಂತಲ್ಲ ಅಂತ ಕೇಳಿದೆ. ನಕ್ಕರು. "ತೊಗರಿ ಬಾವ್ಯಾಗ ಬಿದ್ದಿದ್ದಿಲ್ಲಲ್ರಿ ಕಾಕಾ" ಅಂದ್ರು. ದೇವರ ಪರೀಕ್ಷಾ ಅದು ಇದು ಅಂತ ಯಾರ ಮುಂದೂ ಹಾಡಲಿಲ್ಲ. ಮಾರನೇ ದಿನ ಹೊತ್ತು ಹೊಂಡೂ ಮೊದಲು ಕುಡಗೋಲು ಹಿಡಕೊಂಡು ನನ್ನ ಹೊಲದ ಬದುವಿನ ಮ್ಯಾಲ ನಿಂತಿದ್ರು, ಅವತ್ತ ನನ್ನ ಮುಯ್ಯಿ ಇತ್ತು.

ಅದೇ ಸುಗ್ಗಿಯೊಳಗ ಇನ್ನೊಬ್ಬರು, ನಮ್ಮವರೇ, ಎರಡು ಆಳಿನ ಮುಯ್ಯಿ ಬಾಕಿ ಇಟ್ಟುಕೊಂಡು ಗುಡಿ ಮುಂದ ಮೈಕ್ ಹಿಡದು ಕಾಯಕದ ಮ್ಯಾಲ ಒಂದು ತಾಸು ಮಾತಾಡಿದ್ರು. ಆ ಎರಡು ಆಳು ಇನ್ನೂ ಬಂದಿಲ್ಲ.

ಅದೂ ಎಂಥಾ ಊರಾಗ? ಮಡಿವಾಳ ಮಾಚಿದೇವರು ಹುಟ್ಟಿದ ದೇವರ ಹಿಪ್ಪರಗಿಯೊಳಗ. ಕಾಯಕ ಮಾಡದವರ ಬಟ್ಟಿ ಅವರು ಮುಟ್ಟತಿದ್ದಿಲ್ಲ ಅಂತ ಹಿರೇರು ಹೇಳತಾರ. ಹಣಿ ಮ್ಯಾಲಿನ ವಿಭೂತಿ ನೋಡಿ ಬಟ್ಟಿ ತಗೊಂಡವರಲ್ಲ. ತನ್ನ ಕಡಿ ಬೇಡೋರೇ ಇಲ್ಲ ಅಂತ ಬಸವಣ್ಣನವರ ಬಾಯಾಗ ಒಂದು ಮಾತು ಬಂದಾಗ, ಕೊಡೋನು ನಾನು ಅನ್ನೋ ಸೊಕ್ಕು ಅದರಾಗ ಕಂಡು ಅವರಿಗೇ ಬುದ್ಧಿ ಹೇಳಿದರಂತ. ಬಸವಣ್ಣನವರು ಕೊಟ್ಟದ್ದು ಖರೇನ ಇತ್ತು. ಆಡಿ ತೋರಿಸಿದ್ದಷ್ಟೇ ಮಾಚಿದೇವರಿಗೆ ಸೇರಲಿಲ್ಲ.

ಈಗ ಆಳಿನ ಮಾತು. ಹೋದ ವರ್ಷ ಇಲ್ಲಿ ಹೂಂ ಅಂದವರು 14 ಮಂದಿ, ಹೊಲಕ್ಕ ಬಂದವರು 5. ಆಗಂಗಿಲ್ಲ ಅನ್ನೋರು ಈಗಲೇ ಆಗಂಗಿಲ್ಲ ಅಂತ ಬರೀರಿ, ನನಗೇನೂ ಬ್ಯಾಸರಿಲ್ಲ. ಸೋಮವಾರ, ಮಂಗಳವಾರ ಬಾಜೂ ಹೊಲದವರದು. ಬುಧವಾರ ನಂದು. ಕುಡಗೋಲು ಮಸೆದು ತರ್ರಿ, ಬುತ್ತಿ ನಮ್ಮ ಮನಿಯಿಂದ ಬರತದ.