ಪಿಯರ್ 15ರ ಕತ್ತಲೆ

ಅಪ್ಪಯ್ಯ ಅಮೆರಿಕಕ್ಕೆ ಬಂದು ಏಳು ವಾರ ಆಗಿತ್ತು. ಗೋಲ್ಡನ್ ಗೇಟ್ ಸೇತುವೆ ತೋರಿಸಿ ಆಗಿತ್ತು. ಲಿವರ್‌ಮೋರ್ ದೇವಸ್ಥಾನಕ್ಕೆ ಎರಡು ಸಲ ಹೋಗಿ ಪುಳಿಯೋಗರೆ ತಿಂದು ಬಂದಾಗಿತ್ತು. ಕಾಸ್ಟ್‌ಕೋ ಒಳಗೆ ಕಾಲಿಟ್ಟ ದಿನ ಸೂರು ಮುಟ್ಟುವಂತೆ ಪೇರಿಸಿದ್ದ ಮೂಟೆಗಳನ್ನು ನೋಡಿ, "ಇದು ಅಂಗಡಿಯೋ ಅಡಿಕೆ ಮಂಡಿಯೋ ಮಾರಾಯ" ಎಂದು ಕೇಳಿದ್ದೂ ಆಗಿತ್ತು. ಶನಿವಾರ ಬಂತೆಂದರೆ ಇವತ್ತು ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಚಿಂತೆ ನನಗೆ. ಅಮ್ಮ ಹೋದಮೇಲೆ ತೀರ್ಥಹಳ್ಳಿ ಪಕ್ಕದ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇರುವವರನ್ನು ಆರು ತಿಂಗಳಿಗೆಂದು ಕರೆಸಿಕೊಂಡು, ಇಲ್ಲೂ ಒಂದು ಸೋಫಾ ಮೇಲೆ ಒಬ್ಬರನ್ನೇ ಕೂರಿಸಿದ ಹಾಗಾಗಬಾರದಲ್ಲ.

ಈ ಸಲ ಜಾಗ ಆರಿಸಿದ್ದು ಮಗಳು. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯಕ್ಕೆ ಶಾಲೆಯಿಂದ ಹೋಗಿ ಬಂದಿದ್ದಳು. ಆದರೆ ಅಲ್ಲಿನ ಟ್ಯಾಕ್ಟೈಲ್ ಡೋಮ್ ಒಳಗೆ ಹೋಗಿರಲಿಲ್ಲ. ಅದಕ್ಕೆ ಬೇರೆಯೇ ಟಿಕೆಟ್, ಮೊದಲೇ ಕಾಯ್ದಿರಿಸಬೇಕು. "ಪೂರ್ತಿ ಕತ್ತಲೆ ಅಪ್ಪಾ, ಒಂದು ಚೂರೂ ಬೆಳಕಿರಲ್ಲ. ಕೈಯಲ್ಲಿ ಮುಟ್ಟಿಕೊಂಡೇ ದಾರಿ ಹುಡುಕಬೇಕು" ಎಂದಳು. ನಾನು ಆಗಲಿ ಎಂದೆ. ಹೇಳುವಾಗ ಹೊಟ್ಟೆಯೊಳಗೆ ಸಣ್ಣಗೆ ಏನೋ ಅಲುಗಿತು. ಆದರೆ ಹದಿಮೂರು ವರ್ಷದ ಮಗಳ ಎದುರು, ಅದಕ್ಕಿಂತ ಹೆಚ್ಚಾಗಿ ಒಂಬತ್ತು ವರ್ಷದ ಮಗನ ಎದುರು, ನನಗೆ ಕತ್ತಲೆ ಅಂದರೆ ಆಗುವುದಿಲ್ಲ ಎಂದು ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ರಾತ್ರಿಯಿಡೀ ಪ್ಯಾಸೇಜಿನ ದೀಪ ಉರಿಯುತ್ತದೆ. ಅದು ಮಕ್ಕಳಿಗಾಗಿ ಎಂದು ಮಕ್ಕಳು ತಿಳಿದಿದ್ದಾರೆ.

ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹಿಡಿದೆವು. ವೆಸ್ಟ್ ಓಕ್ಲೆಂಡ್ ದಾಟಿದ ಮೇಲೆ ರೈಲು ಕೊಲ್ಲಿಯ ನೀರಿನ ಅಡಿಗೆ ಇಳಿಯುತ್ತದೆ. ಕಿವಿ ಗುಂಯ್ ಎನ್ನುತ್ತದೆ, ಕಿಟಕಿಯ ಗಾಜಿನಲ್ಲಿ ನಮ್ಮ ಮುಖಗಳೇ ಕಾಣತೊಡಗುತ್ತವೆ. "ಈಗ ನೀರಿನ ಅಡಿಗೆ ಇದ್ದೀವನಾ?" ಎಂದು ಅಪ್ಪಯ್ಯ ಕೇಳಿದರು. "ಹೌದು ಅಜ್ಜ, ಮೇಲೆ ಹಡಗು ಹೋಗ್ತಿರತ್ತೆ" ಎಂದ ಮಗ, ಸುರಂಗವನ್ನು ತಾನೇ ಕಟ್ಟಿಸಿದವನ ಹಾಗೆ. 1974ರಿಂದ ಈ ಸುರಂಗದಲ್ಲಿ ಜನ ಓಡಾಡುತ್ತಿದ್ದಾರೆ ಎಂದು ನಾನು ಸೇರಿಸಿದೆ. ಅಪ್ಪಯ್ಯ ಸೀಟಿನ ಮುಂದಿನ ಕಂಬಿ ಹಿಡಿದುಕೊಂಡು, ಎಂಬಾರ್ಕಡೇರೊ ಬರುವ ತನಕ ಮಾತಾಡಲಿಲ್ಲ.

ಅಲ್ಲಿಂದ ನೀರಿನ ಅಂಚಿನಲ್ಲೇ ಹತ್ತು ನಿಮಿಷದ ನಡಿಗೆ. ಫೆರ್ರಿ ಬಿಲ್ಡಿಂಗಿನ ಗಡಿಯಾರದ ಗೋಪುರದಿಂದ ಉತ್ತರಕ್ಕೆ ಹೋದರೆ ಹಡಗುಕಟ್ಟೆಗಳಿಗೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಹೋದರೆ ಸಮಸಂಖ್ಯೆ. ಈ ವ್ಯವಸ್ಥೆ ಅಪ್ಪಯ್ಯನಿಗೆ ತುಂಬ ಹಿಡಿಸಿತು. ಒಂದು, ಮೂರು, ಐದು ಎಂದು ಎಣಿಸುತ್ತಲೇ ಮಂಡಿನೋವು ಮರೆತು ನಡೆದರು. ನಮಗೆ ಬೇಕಾದದ್ದು ಹದಿನೈದು. 2013ರಲ್ಲಿ ಸಂಗ್ರಹಾಲಯ ಈ ಹಳೆಯ ಹಡಗುಕಟ್ಟೆಗೆ ಬಂತು. ಅದಕ್ಕೂ ಮೊದಲು, 1969ರಿಂದ, ಊರಿನ ಇನ್ನೊಂದು ಮಗ್ಗುಲಿನ ಪ್ಯಾಲೆಸ್ ಆಫ್ ಫೈನ್ ಆರ್ಟ್ಸ್‌ನಲ್ಲಿತ್ತು.

ಕಟ್ಟಿದವನು ಫ್ರಾಂಕ್ ಓಪನ್‌ಹೈಮರ್. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರನ ತಮ್ಮ. ತಾನೂ ಭೌತವಿಜ್ಞಾನಿ. ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದ ಎಂಬ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಮುಂದಿನ ಸುಮಾರು ಹತ್ತು ವರ್ಷ ಕೊಲರಾಡೋದಲ್ಲಿ ದನ ಸಾಕಿಕೊಂಡಿದ್ದ. ಆಮೇಲೆ ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದ. ಮುಟ್ಟಿ, ತಿರುಗಿಸಿ, ಕೆಡಿಸಿ ನೋಡುವ ವಿಜ್ಞಾನದ ಮನೆಯೊಂದು ಬೇಕು ಎಂಬ ಯೋಚನೆ ಗಟ್ಟಿಯಾಗಿ ಈ ಜಾಗ ಮಾಡಿದ್ದು ಆನಂತರ. ಸರದಿಯಲ್ಲಿ ನಿಂತಾಗ ಇದನ್ನೆಲ್ಲ ಹೇಳಿದೆ. ಅಪ್ಪಯ್ಯನ ಕಿವಿಗೆ ಬಿದ್ದದ್ದು ಒಂದೇ. "ಎಷ್ಟು ದನ ಇತ್ತಂತೆ?"

ಟ್ಯಾಕ್ಟೈಲ್ ಡೋಮ್‌ನ ಕಥೆ ಇನ್ನೂ ಸ್ವಾರಸ್ಯದ್ದು. 1971ರಲ್ಲಿ ಅದನ್ನು ಕಲ್ಪಿಸಿದವನು ಎಂಜಿನಿಯರನಲ್ಲ, ಸಾಹಿತ್ಯದ ಪ್ರಾಧ್ಯಾಪಕ. ಹೆಸರು ಆಗಸ್ಟ್ ಕೊಪೊಲಾ. ‘ಗಾಡ್‌ಫಾದರ್’ ಸಿನಿಮಾದ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾನ ಅಣ್ಣ, ನಟ ನಿಕೊಲಸ್ ಕೇಜ್‌ನ ಅಪ್ಪ. ನಾವು ಕಣ್ಣನ್ನೇ ನೆಚ್ಚಿಕೊಂಡು ಸ್ಪರ್ಶವನ್ನು ಮರೆತಿದ್ದೇವೆ, ಕಣ್ಣನ್ನು ಪೂರ್ತಿ ಕಿತ್ತುಕೊಂಡರೆ ಕೈ ಏನು ಓದುತ್ತದೆ ನೋಡೋಣ ಎಂಬುದು ಅವನ ಹುಮ್ಮಸ್ಸು. ಸಾಹಿತ್ಯ ಪಾಠ ಮಾಡುವವರಿಗೆ ಇಂಥ ಯೋಚನೆ ಬರುವುದು ನನಗೇನೂ ಆಶ್ಚರ್ಯವಲ್ಲ. ಅದನ್ನು ಯಾರೋ ದುಡ್ಡು ಕೊಟ್ಟು ಕಟ್ಟಿಸಿದ್ದು ಆಶ್ಚರ್ಯ.

ಒಳಗೆ ಅಂಬೆಗಾಲಿಡಬೇಕು, ಹತ್ತಬೇಕು, ಜಾರಬೇಕು. ಅಪ್ಪಯ್ಯನ ಮಂಡಿಗೆ ಅದು ಸಾಧ್ಯವಿಲ್ಲ. ಅವರ ಜೊತೆ ಹೊರಗೆ ಕೂರುತ್ತೇನೆ ಎಂದು ಹೆಂಡತಿ ಹೇಳಿದಳು. ಆ ಜಾಗ ನನಗೆ ಬೇಕಾಗಿತ್ತು. ಕೇಳಲಿಲ್ಲ. ಚಪ್ಪಲಿ, ಕನ್ನಡಕ, ಗಡಿಯಾರ, ಕೀಲಿಕೈ, ಫೋನು ಎಲ್ಲ ಬಿಚ್ಚಿಟ್ಟೆವು. ಮೇಜಿನ ಹಿಂದಿದ್ದ ಹುಡುಗಿ ನಗುನಗುತ್ತ ನಿಯಮ ಹೇಳಿದಳು. ಒಳಗೆ ನಾವು ಮಾತಾಡಿದ್ದು ಅವಳಿಗೆ ಹೊರಗೆ ಕೇಳುತ್ತಿರುತ್ತದೆ. ಬೇಡ ಅನಿಸಿದರೆ ಕೂಗಿದರೆ ಸಾಕು, ದೀಪ ಹಾಕುತ್ತಾಳೆ.

ಮಗಳು ಮುಂದೆ, ಅವಳ ಹಿಂದೆ ಮಗ, ಕೊನೆಗೆ ನಾನು.

ಒಳಗೆ ಎಲ್ಲೆಲ್ಲಿ ಏನೇನಿದೆ ಎಂದು ಬರೆದರೆ ನಾಳೆ ಹೋಗುವವರಿಗೆ ಮೋಸ ಮಾಡಿದ ಹಾಗೆ. ಬರೆಯುವುದಿಲ್ಲ. ಗೋಡೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು, ಮತ್ತೊಂದು ಕಡೆ ಕೈ ಹಾಕಿದರೆ ತೀರಾ ಪರಿಚಯದ ವಸ್ತು. ಆದರೆ ಹೆಸರು ನಾಲಗೆಗೆ ಬರುವುದಿಲ್ಲ. ದಿನಾ ಹಿಡಿಯುವ ಸಾಮಾನುಗಳನ್ನೂ ಕಣ್ಣಿನ ಒಪ್ಪಿಗೆಯಿಲ್ಲದೆ ಕೈ ಗುರುತಿಸಲಾರದು ಎಂಬುದು ತಮಾಷೆಯಾಗಿಯೇ ಇತ್ತು. ಮಗ ಪ್ರತಿಯೊಂದಕ್ಕೂ ಕಿಸಕ್ಕನೆ ನಗುತ್ತಿದ್ದ. ನಾನು ಮುಖದ ಮುಂದೆ ಕೈ ಆಡಿಸಿದೆ. ಕಂಡಿತು! ಮಸುಕಾಗಿ, ಬೂದು ನೆರಳಿನ ಹಾಗೆ ಕೈ ಅಲುಗಿದ್ದು ಕಂಡಿತು. ಅಲ್ಲಿ ಬೆಳಕೇ ಇಲ್ಲ, ಕಾಣಲು ಸಾಧ್ಯವೇ ಇಲ್ಲ. ಕೈ ಎಲ್ಲಿದೆ ಎಂದು ಮಿದುಳಿಗೆ ಗೊತ್ತು, ಹಾಗಾಗಿ ಅದೇ ಒಂದು ಚಿತ್ರ ಬರೆದುಕೊಡುತ್ತದೆ. ಇದು ಬಹಳ ಜನಕ್ಕೆ ಆಗುತ್ತದಂತೆ. ಆ ಸುಳ್ಳು ಕೈಯನ್ನು ನೋಡಿಕೊಂಡು ಸ್ವಲ್ಪ ದೂರ ಧೈರ್ಯವಾಗಿ ಹೋದೆ.

ಆಮೇಲೆ ಬೆರಳಿನ ಸಂದಿಗೆ ಕಾಳು ಬಂತು.

ಸಣ್ಣ, ಗಟ್ಟಿ, ತಣ್ಣನೆಯ ಕಾಳು. ಅಂಗೈ ಊರಿದರೆ ಕೆಳಗೆ ಇಳಿಯುತ್ತದೆ, ಮಣಿಕಟ್ಟಿನ ಸುತ್ತ ತುಂಬಿಕೊಳ್ಳುತ್ತದೆ. ನನ್ನ ಕೈ ಅದನ್ನು ನನಗಿಂತ ಮೊದಲು ಗುರುತಿಸಿತು.

ನಮ್ಮ ಮನೆಯಲ್ಲಿ ಕಣಜದ ಕೋಣೆ ಎಂದೊಂದಿತ್ತು. ನಡುಮನೆಯಿಂದ ಒಳಕ್ಕೆ, ಕಿಟಕಿಯಿಲ್ಲದ ಕೋಣೆ. ಭತ್ತದ ಕಣಜ, ಅಡಿಕೆ ಚೀಲಗಳು, ಜೋನಿಬೆಲ್ಲದ ಡಬ್ಬ. ಹಲಸಿನ ಮರದ ದಪ್ಪ ಬಾಗಿಲು, ಹೊರಗಡೆ ಚಿಲಕ. ಅಪ್ಪಯ್ಯ ಮಕ್ಕಳಿಗೆ ಹೊಡೆಯುವವರಲ್ಲ. ನೆಂಟರೆಲ್ಲ ಅದನ್ನು ಹೊಗಳುತ್ತಿದ್ದರು. ಬೆತ್ತ ಮುಟ್ಟದೆ ಮಕ್ಕಳನ್ನು ಬೆಳೆಸಿದ ಎಂದು. ಹೊಡೆಯುತ್ತಿರಲಿಲ್ಲ, ನಿಜ. ತಪ್ಪು ಮಾಡಿದರೆ ಆ ಕೋಣೆಗೆ ಹಾಕಿ ಚಿಲಕ ಎಳೆಯುತ್ತಿದ್ದರು, ಅಷ್ಟೆ. ಸೊಸೈಟಿಗೆ ಕಟ್ಟಬೇಕಾದ ದುಡ್ಡಿನಲ್ಲಿ ಐದು ರೂಪಾಯಿ ಖರ್ಚು ಮಾಡಿ ಸುಳ್ಳು ಹೇಳಿದ ದಿನ ಸಂಜೆಯಿಂದ ಊಟದ ಹೊತ್ತಿನವರೆಗೆ ಒಳಗಿದ್ದೆ. ನನಗಾಗ ಒಂಬತ್ತು ವರ್ಷ. ಅತ್ತು ಅತ್ತು ಸಾಕಾದ ಮೇಲೆ ಕಣಜದ ಬಾಯಿಗೆ ಕೈ ತೂರಿಸಿ, ಭತ್ತದೊಳಗೆ ಮೊಣಕೈವರೆಗೂ ಹುಗಿದುಕೊಂಡು ಕೂತಿದ್ದೆ. ಯಾಕೋ ಗೊತ್ತಿಲ್ಲ. ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಬಾಗಿಲ ಆಚೆ ಅಮ್ಮ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಅಕ್ಕಿ ಕೇರುವುದಿಲ್ಲ. ಚಿಲಕ ತೆಗೆಯುವ ಧೈರ್ಯ ಅವಳಿಗಿರಲಿಲ್ಲ, ಶಬ್ದ ಮಾಡುವಷ್ಟು ಇತ್ತು.

ಪಿಯರ್ 15ರ ಕತ್ತಲೆಯಲ್ಲಿ ನಾನು ನಿಂತುಬಿಟ್ಟೆ. ನಿಂತೆ ಅಂದರೆ, ಅಂಬೆಗಾಲಿನಲ್ಲೇ ಕಲ್ಲಾದೆ. ಉಸಿರು ಮೇಲಕ್ಕೆ ಹೋಗುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಮುಂದಿನಿಂದ ಮಗ "ಅಪ್ಪಾ? ಅಪ್ಪಾ, ವೇರ್ ಆರ್ ಯೂ?" ಎಂದ. ಉತ್ತರ ಕೊಡಬೇಕು ಎಂದುಕೊಂಡದ್ದು ನೆನಪಿದೆ. ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಅವನು ಹಿಂದಕ್ಕೆ ತಿರುಗಿ ಬಂದು, ತಡಕಾಡಿ, ನನ್ನ ಕಿವಿಯನ್ನೂ ಆಮೇಲೆ ಅಂಗಿಯನ್ನೂ ಹಿಡಿದುಕೊಂಡ. ಅಷ್ಟರಲ್ಲಿ ದೀಪ ಬಂತು.

ಬೆಳಕಿನಲ್ಲಿ ನೋಡಿದರೆ ಅದೊಂದು ಪುಟ್ಟ ಜಾಗ. ನಾನು ಅಷ್ಟು ಹೆದರಿದ್ದಕ್ಕೆ ಅಲ್ಲಿ ಕಾರಣವೇ ಇಲ್ಲ. ಮಗಳ ಮುಖ ಸಣ್ಣದಾಗಿತ್ತು, ಆಟ ಕೆಟ್ಟಿತು ಎಂದು. ಮಗ ಅಂಗಿ ಬಿಟ್ಟಿರಲಿಲ್ಲ.

ಹೊರಗೆ ಬಂದಾಗ ಮೇಜಿನ ಹುಡುಗಿ ಎದ್ದು ಬಂದು, ಇದು ಎಷ್ಟೋ ಜನಕ್ಕೆ ಆಗುತ್ತದೆ, ನಾಚಿಕೆ ಬೇಡ ಎಂದಳು. ಅಪ್ಪಯ್ಯ ಬೆಂಚಿನ ಮೇಲಿರಲಿಲ್ಲ. ಅವಳ ಮೇಜಿಗೆ ಕೈ ಊರಿ ನಿಂತಿದ್ದರು. "ನೀರು ಬೇಕನಾ?" ಎಂದು ತಮ್ಮ ಬಾಟಲಿ ಕೊಟ್ಟರು. ಮುಚ್ಚಳ ಮೊದಲೇ ತೆಗೆದಿತ್ತು.

ಮಕ್ಕಳಿಗೆ ಇನ್ನೊಂದು ಸುತ್ತು ಬೇಕಿತ್ತು. ಹೆಂಡತಿ ಕರೆದುಕೊಂಡು ಹೋದಳು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಒಳಗಿನಿಂದ ಮೂವರ ನಗು ಆಗಾಗ ಕೇಳುತ್ತಿತ್ತು. ನಾನು ಮಾತಿಗೆಂದು ಕೊಪೊಲಾನ ಕಥೆ ಶುರುಮಾಡಿ ಅರ್ಧಕ್ಕೆ ಬಿಟ್ಟೆ. ನನಗೆ ಹೋದ ತಿಂಗಳಿನ ಒಂದು ಸಂಗತಿ ಹೊಳೆಯುತ್ತಿತ್ತು. ಮಗ ಏನೋ ಸುಳ್ಳು ಹೇಳಿದ್ದಕ್ಕೆ ಅವನ ಕೋಣೆಗೆ ಕಳಿಸಿ ಬಾಗಿಲು ಹಾಕಿದ್ದೆ. ಇಲ್ಲಿ ಇದಕ್ಕೆ ಟೈಮ್ ಔಟ್ ಎನ್ನುತ್ತಾರೆ, ಪುಸ್ತಕಗಳಲ್ಲೂ ಬರೆದಿದೆ, ತಪ್ಪೇನಿಲ್ಲ. ಆ ಕೋಣೆಗೆ ಎರಡು ಕಿಟಕಿ, ದೀಪ, ಲೆಗೋ ಎಲ್ಲ ಇದೆ. ಆದರೆ ಅವನು ಒಳಗಿನಿಂದ ಹಿಡಿಕೆ ತಿರುಗಿಸಿದಾಗ ನಾನು ಹೊರಗಿನಿಂದ ಬಿಗಿಯಾಗಿ ಹಿಡಿದು ನಿಂತಿದ್ದೆ. ಎಷ್ಟು ಹೊತ್ತು ಎಂದು ಯಾರಿಗೂ ಹೇಳಿಲ್ಲ.

ಸಂಜೆ ಫೆರ್ರಿ ಬಿಲ್ಡಿಂಗಿನ ಹತ್ತಿರ ಮಕ್ಕಳು ಅಜ್ಜನ ಕೈಯಲ್ಲಿ ಐಸ್‌ಕ್ರೀಮ್ ಕೊಡಿಸಿಕೊಳ್ಳುತ್ತಿದ್ದಾಗ ಹೆಂಡತಿ ಪಕ್ಕಕ್ಕೆ ಕರೆದು ಹೇಳಿದಳು. ಒಳಗೆ ನಾನು ಕೂಗಿದ್ದೆನಂತೆ. ಇಂಗ್ಲಿಷಿನಲ್ಲಲ್ಲ. ಸ್ಪೀಕರಿನಲ್ಲಿ ಕೇಳಿದ ಹುಡುಗಿಗೆ ಅರ್ಥವಾಗದೆ ಇವರ ಕಡೆ ತಿರುಗಿದ್ದಾಳೆ. ಅವರು ಆಟದಲ್ಲಿ ಕಿರುಚುತ್ತಿದ್ದಾರಾ, ನಿಜವಾಗಿ ಹೊರಗೆ ಬರಬೇಕಾ ಎಂದು ಕೇಳಿದ್ದಾಳೆ. ಹೆಂಡತಿ ಬಾಯಿ ತೆರೆಯುವ ಮೊದಲೇ ಅಪ್ಪಯ್ಯ ಎದ್ದು ಮೇಜಿನ ಹತ್ತಿರ ಹೋಗಿ, "ಓಪನ್. ಓಪನ್ ಡೋರ್" ಎಂದಿದ್ದಾರೆ. ಎರಡು ಸಲ.

"ನಾನು ಏನಂತ ಕೂಗಿದೆ?"

"ಅಪ್ಪಯ್ಯಾ ಬಾಗಿಲು ತೆಗಿ, ಅಂತ."

ನನ್ನ ಮಕ್ಕಳು ನನ್ನನ್ನು ಅಪ್ಪಾ ಎನ್ನುತ್ತಾರೆ. ಅಪ್ಪಯ್ಯ ಎಂದು ಈ ಊರಿನಲ್ಲಿ ಕರೆಸಿಕೊಳ್ಳುವವರು ಒಬ್ಬರೇ.

ವಾಪಸ್ ರೈಲಿನಲ್ಲಿ ಜನ ತುಂಬಿದ್ದರು. ಮಕ್ಕಳು ಅಮ್ಮನ ಜೊತೆ ಆ ತುದಿಯಲ್ಲಿ, ನಾವಿಬ್ಬರು ಈ ತುದಿಯಲ್ಲಿ. ರೈಲು ನೀರಿನಡಿಗೆ ಇಳಿಯಿತು, ಕಿವಿ ಕಟ್ಟಿತು. ಅಪ್ಪಯ್ಯ ಎದುರಿನ ಗಾಜನ್ನೇ ನೋಡುತ್ತಿದ್ದರು. ಅದರಲ್ಲಿ ನಾನೂ ಕಾಣುತ್ತಿದ್ದೆ.

"ಕಣಜದ ಕೋಣೆಗೆ ಕಿಟಕಿ ಇಡಿಸಿದೆ" ಎಂದರು.

ಗದ್ದಲದಲ್ಲಿ ಸರಿಯಾಗಿ ಕೇಳಿತೋ ಇಲ್ಲವೋ ಎಂದು ನಾನು ಬಗ್ಗಿದೆ. "ಯಾವಾಗ?"

"ನಿನ್ನ ಅಮ್ಮ ಹೋದ ವರ್ಷ. ತೋಟದ ಕಡೆಗೆ. ಎರಡು ಬಾಗಿಲಿನದ್ದು."

"ಈಗ ಅಲ್ಲಿ ಭತ್ತ ಎಲ್ಲಿದೆ ಅಪ್ಪಯ್ಯ? ಕಣಜ ಖಾಲಿ ಅಲ್ವಾ?"

"ಖಾಲಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವಳು ಯಾವಾಗ್ಲೂ ಹೇಳ್ತಿದ್ದಳು" ಎಂದರು.

ಏನು ಹೇಳುತ್ತಿದ್ದಳು ಎಂದು ನಾನು ಕೇಳಲಿಲ್ಲ. ರೈಲು ಮೇಲಕ್ಕೆ ಬಂತು. ಆ ತುದಿಯಿಂದ ಮಗ ಕೈ ಬೀಸಿ, ಕಿಟಕಿಯಾಚೆ ಬಂದರಿನ ಎತ್ತರದ ಕ್ರೇನುಗಳನ್ನು ಅಜ್ಜನಿಗೆ ತೋರಿಸುತ್ತಿದ್ದ.